ರೆಫರಿ ಮನೆಯ ಪೆಟ್ಟಿಗೆ

'ನಿನ್ನೆ ಸಂಜೆ ಕಂಡದ್ದನ್ನು ಹೇಳಿದರೆ ಚಾಡಿ, ಹೇಳದಿದ್ದರೆ ಹೇಡಿತನ. ನಾನು ಎರಡರಲ್ಲಿ ಯಾವುದಾಗಲಿ?' ಎಂದು ಡೈರಿಯಲ್ಲಿ ಬರೆದು, ಆ ಪ್ರಶ್ನಾರ್ಥಕ ಚಿಹ್ನೆಯನ್ನೇ ದಿಟ್ಟಿಸುತ್ತಾ ಅವಳು ಬೆಳಗಿನ ಕಾಫಿಯನ್ನು ತಣ್ಣಗಾಗಿಸಿಕೊಂಡಳು.

ಕಂಡದ್ದು ಇಷ್ಟೇ: ನಾಡಿದ್ದು ಫುಟ್‌ಬಾಲ್ ಫೈನಲ್ ಆಡಬೇಕಾದ ತಂಡದ ಕ್ಯಾಪ್ಟನ್, ಅದೇ ಪಂದ್ಯದ ರೆಫರಿಯ ಮನೆಯಿಂದ ಒಂದು ರಟ್ಟಿನ ಪೆಟ್ಟಿಗೆಯನ್ನು ಎದೆಗವಚಿಕೊಂಡು, ಕಳ್ಳನಂತೆ ಅತ್ತಿತ್ತ ನೋಡುತ್ತಾ ಹೊರಬಂದಿದ್ದ.

ಪತ್ರಿಕೆಯ ಕ್ರೀಡಾ ವಿಭಾಗಕ್ಕೆ ಅವಳು ಸೇರಿ ಮೂರು ತಿಂಗಳಾಗಿತ್ತು. ಡಿಗ್ರಿಯಲ್ಲಿ ಮೊದಲ ದರ್ಜೆ, ಮಾತಿನಲ್ಲಿ ಫೇಲು. ಏನಾದರೂ ಕೇಳಬೇಕಿದ್ದರೆ ಚೀಟಿ ಬರೆದು ಮುಂದೆ ಚಾಚುತ್ತಿದ್ದಳು. ಅಂಥವಳ ಮುಖ ಬಾಡಿದ್ದನ್ನು ಪಕ್ಕದ ಕುರ್ಚಿಯ ಹಿರಿಯ ವರದಿಗಾರ ಗಮನಿಸಿದ. ಕಚೇರಿಯಲ್ಲಿ ಎಲ್ಲರೂ ಅವನನ್ನು ಟಾಂಟಾಂ ಅಣ್ಣ ಎನ್ನುತ್ತಿದ್ದುದು ಏಕೆಂದು ಪಾಪ, ಅವಳಿಗಿನ್ನೂ ಗೊತ್ತಿರಲಿಲ್ಲ.

"ಏನಮ್ಮ, ಏನಾಯ್ತು? ನನ್ನ ಹತ್ರ ಹೇಳು. ಬಾವಿಗೆ ಕಲ್ಲು ಹಾಕಿದ ಹಾಗೆ."

ಅವಳು ಪಿಸುಗುಟ್ಟಿದಳು. ಬಾವಿಗೆ ಬಿದ್ದ ಕಲ್ಲೂ ಡುಬುಕ್ ಎನ್ನುತ್ತದೆಂಬುದು ಹೊಳೆಯಲಿಲ್ಲ.

ಹನ್ನೊಂದೂವರೆಗೆ ಗೋಡೆಯ ಟೀವಿಯಲ್ಲಿ ಎದುರಾಳಿ ಚಾನೆಲ್ ಅರಚತೊಡಗಿತು: 'ಪೆಟ್ಟಿಗೆಯಲ್ಲಿ ಏನಿತ್ತು? ಎಷ್ಟಿತ್ತು?' ಹನ್ನೆರಡಕ್ಕೆ ಅವರ ಚಿತ್ರದಲ್ಲಿ ಪೆಟ್ಟಿಗೆ ಬೆಳೆದು ಟ್ರಂಕಾಗಿತ್ತು. ರೆಫರಿಯೇ ಕ್ಯಾಪ್ಟನ್‌ಗೆ ಲಂಚ ಕೊಡುವುದುಂಟೇ ಎಂದು ಯಾರೂ ಯೋಚಿಸಲಿಲ್ಲ.

ಸಂಪಾದಕರು ಸೀಟಿ ಹೊಡೆದ ಕುಕ್ಕರಿನಂತೆ ಹೊರಬಂದರು. "ಅವರಿಗೆ ಸಿಕ್ಕಿದ್ದು ನಮಗ್ಯಾಕೆ ಸಿಗ್ಲಿಲ್ಲ? ಎಲ್ರೂ ನೊಣ ಹೊಡೀತಾ ಕೂತಿದ್ರಾ?"

"ಸಿಕ್ಕಿದೆ ಸರ್! ನಮ್ಮ ಹುಡುಗಿ ಕಣ್ಣಾರೆ ನೋಡಿದಾಳೆ!" ಎಂದ ಟಾಂಟಾಂ ಅಣ್ಣ.

ಸಂಪಾದಕರು ಗೋಡೆಯ ಮೇಲಿನ ಫಲಕದತ್ತ ಬೆರಳು ಮಾಡಿದರು. ಅವರೇ ಬರೆಸಿದ್ದು: 'ಎರಡು ಮೂಲವಿಲ್ಲದೆ ಹಗರಣವಿಲ್ಲ.' "ಒಂದು ಮೂಲ ಇವಳು, ಇನ್ನೊಂದು ಆ ಚಾನೆಲ್. ನಿಯಮಕ್ಕೆ ನಿಯಮ, ಸುದ್ದಿಗೆ ಸುದ್ದಿ! ಮುಖಪುಟದಲ್ಲಿ ಜಾಗ ಬಿಡಿ!"

ಅಷ್ಟರಲ್ಲಿ ತಂಡದ ಕಡೆಯಿಂದ ಫೋನು: ಪತ್ರಿಕೆಯಲ್ಲೂ ಬಂದರೆ ಕ್ಯಾಪ್ಟನ್‌ನನ್ನು ಫೈನಲ್‌ನಿಂದ ಕೈಬಿಡುತ್ತಾರಂತೆ.

ಅವಳು ಸಂಪಾದಕರ ಮುಂದೆ ಚೀಟಿ ಚಾಚಿದಳು: 'ಸರ್, ಕ್ಯಾಪ್ಟನ್‌ನನ್ನೇ ಒಂದು ಮಾತು ಕೇಳಬೇಡವೇ?'

"ಬಾಯಿಲ್ವೇನಮ್ಮ ನಿಂಗೆ? ಹೋಗು, ಐದರೊಳಗೆ ಕೇಳ್ಕೊಂಡು ಬಾ."

ಬಸ್ಸಿನಲ್ಲಿ ಅವಳು ಪ್ರಶ್ನೆಯನ್ನು ಡೈರಿಯಲ್ಲಿ ನಾಲ್ಕು ಸಲ ತಿದ್ದಿದಳು. ಕ್ಯಾಪ್ಟನ್‌ನ ತಾಯಿ ಬಾಗಿಲು ತೆರೆದದ್ದೇ ತಡ, ಅವಳು ಡೈರಿಯನ್ನೇ ಬಿಚ್ಚಿ ಹಿಡಿದಳು. ಮುದುಕಿ ಬೀದಿಗೆಲ್ಲ ಕೇಳುವಂತೆ ಓದಿತು: "ಏ ಮಗಾ, ರೆಫರಿ ಮನೆಯಿಂದ ಏನು ತಂದೆ ಅಂತ ಕೇಳ್ತಾಳೆ ನೋಡೋ ಈ ಹುಡುಗಿ!"

ಕ್ಯಾಪ್ಟನ್ ಅಳುಮೋರೆ ಹಾಕಿಕೊಂಡು ಬಂದ. ಕೈಯಲ್ಲಿ ಅದೇ ಪೆಟ್ಟಿಗೆ. ಒಳಗೆ ಕಣ್ಣು ಬಿಡದ ಮೂರು ಬೆಕ್ಕಿನ ಮರಿಗಳು!

"ನಮ್ಮನೆ ಬೆಕ್ಕು ಮೇಡಂ. ಮರಿಗಳನ್ನ ಏಳು ಮನೆ ಸುತ್ತಿಸ್ತಾ ಹೋಗಿ ಕೊನೆಗೆ ರೆಫರಿ ಮನೆ ಅಟ್ಟದ ಮೇಲೆ ಇಟ್ಟಿತ್ತು. ಈಗಲೇ ತಗೊಂಡು ಹೋಗು ಅಂತ ಬೈದ್ರು ನೋಡಿ, ಮ್ಯಾಚಲ್ಲೂ ಹಾಗೆ ಬೈದಿಲ್ಲ! ಫೈನಲ್‌ಗೆ ಮುಂಚೆ ಅಲ್ಲಿ ಕಂಡ್ರೆ ಜನ ಏನಂತಾರೋ ಅಂತ ಅತ್ತಿತ್ತ ನೋಡ್ತಾ ಬಂದೆ. ಬೆಳಿಗ್ಗೆಯಿಂದ ಯಾರೂ ಕೇಳ್ಲೇ ಇಲ್ಲ. ನೀವೇ ಮೊದಲು."

ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಮೊದಲ ಬಾರಿಗೆ ಕಿಟಕಿಯಿಂದ ಹೊರಗೆ ನೋಡಿ ನಕ್ಕಳು. ಐದಕ್ಕೆ ಹತ್ತು ನಿಮಿಷವಿರುವಾಗ ವರದಿ ಸಂಪಾದಕರ ಮೇಜಿನ ಮೇಲಿತ್ತು. ತಂಡಕ್ಕೂ ಫೋನು ಹೋಯಿತು, ಕ್ಯಾಪ್ಟನ್ ಉಳಿದುಕೊಂಡ.

ಸಂಪಾದಕರ ಮುಖ ಮೊದಲು ಬಾಡಿ, ಆಮೇಲೆ ಅರಳಿತು. "ಭೇಷ್! ಇದು ಇನ್ನೂ ದೊಡ್ಡ ಹಗರಣ! ಬೆಕ್ಕಿನ ಮರಿಗೆ ಲಂಚದ ಕತೆ ಕಟ್ಟಿದ ಚಾನೆಲ್! ಅವರ ಕಿವಿಗೆ ಇದನ್ನ ಊದಿದ್ಯಾರು? ಫೋಟೊ ಸಮೇತ ಮುಖಪುಟಕ್ಕೆ ಹಾಕೋಣ. ಹುಡುಕೋ ಕೆಲಸ ನಿಂದೇ. ಎರಡು ಮೂಲ ಬೇಕು, ನೆನಪಿರಲಿ!"

ಅವಳು ಕುರ್ಚಿಗೆ ಮರಳಿದಾಗ ಟಾಂಟಾಂ ಅಣ್ಣನ ಮುಖ ಸುಣ್ಣ ಬಳಿದಂತಿತ್ತು. "ಬೆಳಿಗ್ಗೆ ಭಾವಮೈದಂಗೆ ಸುಮ್ನೆ ಮಾತಿಗೆ ಹೇಳ್ದೆ ಕಣಮ್ಮ. ಅವನು ಆ ಚಾನೆಲ್‌ನಲ್ಲೇ ಇರೋದು. ಹುಡುಗಿ ನೋಡಿದಾಳಂತೆ ಅಂತ ಅಷ್ಟೇ ಹೇಳಿದ್ದು. ದಮ್ಮಯ್ಯ, ನನ್ನ ಹೆಸರು ಮಾತ್ರ ಬರೀಬೇಡ."

ಅವಳಿಗೆ ಎಲ್ಲ ತಿಳಿಯಿತು. ಸುದ್ದಿಯೂ ಏಳು ಮನೆ ಸುತ್ತಿ ಬಂದು ಅವಳ ಮಡಿಲಲ್ಲೇ ಮಲಗಿತ್ತು.

ಚೀಟಿ ಎಳೆದುಕೊಂಡು ಪೆನ್ನು ತೆರೆದಳು. ಒಂದು ಕ್ಷಣ ನೋಡಿ ಮತ್ತೆ ಮುಚ್ಚಿದಳು. ಎದ್ದು ಸಂಪಾದಕರ ಮುಂದೆ ನಿಂತಳು.

"ಏನು, ಇಷ್ಟು ಬೇಗ ಸಿಕ್ತಾ? ಎಲ್ಲಿ ಚೀಟಿ?"

"ಚೀಟಿ ಇಲ್ಲ ಸರ್."

ಮೇಜಿಗೇ ಮಾತು ಬಂದಿತೋ ಎಂಬಂತೆ ಇಡೀ ಕಚೇರಿ ತಿರುಗಿ ನೋಡಿತು. ನಾಳೆ ತನ್ನ ಕುರ್ಚಿ ಇರುತ್ತದೋ ಇಲ್ಲವೋ. ಎದೆ ಮಾತ್ರ ಹೂವಿನಷ್ಟು ಹಗುರಾಗಿತ್ತು.

"ಬೆಳಿಗ್ಗೆ ನಮಗಿದ್ದ ಮೂಲ ಒಂದು, ಆ ಚಾನೆಲ್‌ಗೆ ಇದ್ದ ಮೂಲ ಒಂದು. ಎರಡೂ ನಾನೇ, ಸರ್."