ಟ್ಯಾಪೆಟ್ ಮೇಲೆ ಬಂದ ದೂರುಗಳು

ಬಳೆ ಕೈಗೆ ಬಿಗಿಯಲೂ ಬಾರದು, ಜಾರಲೂ ಬಾರದು. ಆ ಹದಕ್ಕೆ ಗದಗಿನ ಕಡೆ ನಮ್ಮಪ್ಪ ಒಂದು ಮಾತು ಹೇಳುತ್ತಿದ್ದ. ಸಳ... ಸರ... ಹೋಗಲಿ, ನೆನಪಾದಾಗ ಹೇಳುತ್ತೇನೆ. ಬಳೆಗಾರನ ಮಗಳು ನಾನು. ಮದುವೆಯಾಗಿ ಯಶವಂತಪುರಕ್ಕೆ ಬಂದ ಮೇಲೆ ಅದೇ ಹದವನ್ನು ಲಾರಿ ಇಂಜಿನ್ನಿನಲ್ಲಿ ಹಿಡಿದೆ. ವಾಲ್ವ್‌ಗೂ ಅದನ್ನು ಒತ್ತುವ ತೋಳಿಗೂ ನಡುವೆ ಕೂದಲೆಳೆಯಷ್ಟು ಸಂದು ಬಿಡಬೇಕು. ಗೇಜ್ ಅನ್ನುವ ತೆಳು ಉಕ್ಕಿನ ಪಟ್ಟಿ ತೂರಿಸಿ ಎಳೆದರೆ ಚೂರು ಹಿಡಿದ ಹಾಗೆ ಬರಬೇಕು. ಅದೇ ಟ್ಯಾಪೆಟ್ ಕೆಲಸ. ಕಲಿಸಿದವರು ನನ್ನ ಗಂಡ. ಅವರು ಹೋದರು, ನಾನು ಬಿಡಲಿಲ್ಲ. ಈಗ ಶೆಡ್ಡು ಮಗನದು. "ಇನ್ನೊಂದು ದೂರು ಬಂದ್ರೆ ನೀನು ಮನೇಲಿರ್ಬೇಕು ಅವ್ವ" ಅನ್ನುತ್ತಾನೆ. ದೂರುಗಳು ಬರುತ್ತಲೇ ಇರುತ್ತವೆ. ನಾನೂ ಬರುತ್ತಲೇ ಇರುತ್ತೇನೆ.

ಜ್ವರ ಬಂದ ಲಾರಿ

ಹೆಸರಘಟ್ಟದಿಂದ ಮೇವು ಹೇರಿಕೊಂಡು ಬಂದ ಡ್ರೈವರ್ ಒಬ್ಬನಿಗೆ ಬಹಳ ಅವಸರ. ಬಿಸಿ ಇಂಜಿನ್ನಿನಲ್ಲಿ ಸಂದಿನ ಲೆಕ್ಕ ತಪ್ಪುತ್ತದೆ, ತಣ್ಣಗಾಗಲಿ ಅಂದೆ. ನಾನು ಊಟ ಮುಗಿಸಿ ಬರುವುದರೊಳಗೆ ಅವನು ನನ್ನ ಟೇಬಲ್ ಫ್ಯಾನನ್ನು ಇಂಜಿನ್ ಕಡೆ ತಿರುಗಿಸಿ, ಮೇಲೆ ಒದ್ದೆ ಗೋಣಿಚೀಲ ಹೊದಿಸಿ, ಪಕ್ಕದಲ್ಲೇ ಕೂತಿದ್ದ.

"ಮುಟ್ಟಿ ನೋಡಿ ಅಜ್ಜಿ, ಈಗ ಕಮ್ಮಿಯಾಗಿದೆ."

"ಗಂಜಿ ಏನಾದ್ರೂ ಕುಡೀತಾ?"

ಅವನು ನೇರ ಮಗನ ಹತ್ತಿರ ಹೋದ. "ನಿಮ್ಮಮ್ಮ ಕೆಲಸ ಮಾಡಲ್ಲ ಗುರು, ಗೇಲಿ ಮಾಡ್ತಾರೆ."

"ಎರಡೂ ಮಾಡ್ತೀನಿ ಕಣೋ," ಅಂದೆ. "ತಣ್ಣಗಾಗೋವರೆಗೂ ಗೇಲಿ, ಆಮೇಲೆ ಕೆಲಸ."

ಮೇಸ್ತ್ರಿ ಎಲ್ಲಿ?

ಬ್ಯಾಟರಾಯನಪುರದ ಒಬ್ಬ ಯಜಮಾನರು, ತಮ್ಮ ಹೊಲದಲ್ಲಿ ಅಪಾರ್ಟ್‌ಮೆಂಟ್ ಎದ್ದ ಮೇಲೆ ಟಿಪ್ಪರ್ ಕೊಂಡವರು, ಬಿಳಿ ಶರಟು ಹಾಕಿಕೊಂಡು ಬಂದರು.

"ಏನಜ್ಜಿ, ಮೇಸ್ತ್ರಿ ಇಲ್ವಾ?"

"ಇದಾರೆ. ಅಷ್ಟರಲ್ಲಿ ಈ ರಾಡ್ ಹಿಡ್ಕೊಳ್ಳಿ."

ಚಕ್ರದ ಮೇಲಿನ ಟೈಮಿಂಗ್ ಗುರುತು ಮುಳ್ಳಿನ ನೇರಕ್ಕೆ ಬರುವ ತನಕ ಆ ರಾಡ್ ಹಾಕಿ ಇಂಜಿನ್ನನ್ನು ಕೈಯಲ್ಲೇ ತಿರುಗಿಸಬೇಕು. "ಇನ್ನೂ ಸ್ವಲ್ಪ... ಸಾಕು... ಇನ್ನೂ ಸ್ವಲ್ಪ" ಅನ್ನುತ್ತಾ ಎಲ್ಲ ಸಿಲಿಂಡರನ್ನೂ ಮುಗಿಸಿದೆ. ಅವರು ಬೆವರು ಒರೆಸಿಕೊಂಡರು.

"ಮೇಸ್ತ್ರಿ ಇನ್ನೂ ಬರ್ಲಿಲ್ವಲ್ಲ."

"ಬಂದು, ಕೆಲಸ ಮುಗಿಸಿ, ನಿಮ್ಮೆದುರಿಗೇ ಕೈ ಒರೆಸ್ಕೊಂತಿದಾರೆ."

ಅವರು ಮಗನನ್ನು ಕರೆದು ಗದರಿದರು. "ಈ ವಯಸ್ಸಲ್ಲಿ ತಾಯೀನ ದುಡಿಸ್ತೀಯಲ್ಲಯ್ಯ." ಮಗ ನನ್ನ ಮುಖ ನೋಡಿದ.

"ನನ್ಯಾಕೆ ನೋಡ್ತೀಯ? ಇವತ್ತು ದುಡಿದದ್ದು ಅವರು."

ಪೂಜೆಯ ಮಾರನೇ ದಿನ

ಆಯುಧಪೂಜೆಯ ಮಾರನೇ ದಿನ ಬೆಳಿಗ್ಗೆ ಒಂದು ಲಾರಿಗೆ ಟ್ಯಾಪೆಟ್ ಮಾಡಿ ಕಳಿಸಿದೆ. ಸಂಜೆಗೆ ಟಕಟಕ ಸದ್ದು ಮಾಡುತ್ತಾ ವಾಪಸ್ ಬಂತು. ಸಂದು ಜಾಸ್ತಿಯಾದರೆ ಬರುವ ಸದ್ದು ಅದು. ಡ್ರೈವರ್ ಬಾಯಿ ತೆರೆಯುವ ಮೊದಲೇ ಮಗ ಹೇಳಿದ. "ಸಾಕು ಅವ್ವ. ನಿನ್ನ ಕೈ ಹೋಯ್ತು. ಶನಿವಾರದಿಂದ ಮನೇಲಿರು."

"ಇಂಜಿನ್ ತಣ್ಣಗಾಗ್ಲಿ, ಆಮೇಲೆ ಮಾತಾಡೋಣ" ಅಂದೆ.

ತಣ್ಣಗಾಯಿತು. ಅವನೇ ಕವರ್ ಬಿಚ್ಚಿದ. ಗೇಜ್ ಹಾಕಿ ಎಳೆದೆ, ಸರಿಯಾಗೇ ಹಿಡಿಯಿತು. ಆದರೆ ವಾಲ್ವ್ ಒತ್ತುವ ತೋಳನ್ನು ಬೆರಳಲ್ಲಿ ಅಲ್ಲಾಡಿಸಿದರೆ ಸಡಿಲ. ಕೈ ಒಂದು ಹೇಳುತ್ತದೆ, ಗೇಜ್ ಇನ್ನೊಂದು. ನಾನು ಕೈಯನ್ನೇ ನಂಬಿದೆ. ಪಟ್ಟಿಯನ್ನು ಸೆರಗಿನಲ್ಲಿ ಗಟ್ಟಿಯಾಗಿ ಉಜ್ಜಿದೆ. ಮೇಲಿದ್ದ ಗ್ರೀಸು ಹೋಯಿತು. ಅದರಡಿ ಗಂಧ, ಕುಂಕುಮ, ಒಣಗಿ ಗಟ್ಟಿಯಾಗಿತ್ತು.

"ನಿನ್ನೆ ಪೂಜೇಲಿ ನೀನು ಸ್ಪ್ಯಾನರಿಗೆ ಇಟ್ಟೆ, ಜಾಕಿಗೆ ಇಟ್ಟೆ. ಇದಕ್ಕೂ ಇಟ್ಯಾ?"

"ಒಂದೊಂದು ಪಟ್ಟಿ ಬಿಚ್ಚಿ ಇಟ್ಟೆ," ಅಂದ ಮಗ, ತಗ್ಗಿದ ದನಿಯಲ್ಲಿ. "ಭಕ್ತಿಯಿಂದ."

ಅದನ್ನೂ ಉಜ್ಜಿ ತೆಗೆದ ಮೇಲೆ ಪಟ್ಟಿ ಅದೇ ಸಂದಿನಲ್ಲಿ ಜಾರಿಕೊಂಡು ಹೋಯಿತು. ಅವನ ಭಕ್ತಿ ಅಷ್ಟು ದಪ್ಪ. ಎಲ್ಲವನ್ನೂ ಮತ್ತೆ ಕೂರಿಸಿದೆ, ಲಾರಿ ಸದ್ದಿಲ್ಲದೆ ಹೋಯಿತು.

ಅಪ್ಪನ ಆ ಮಾತು ಇನ್ನೂ ನೆನಪಾಗಿಲ್ಲ. ಕೈಗೆ ನೆನಪಿದೆ, ಸಾಕು. ಕಾಲೇಜು ಮುಗಿಸಿ ಶೆಡ್ಡಿಗೆ ಬಂದಿದ್ದ ಮೊಮ್ಮಗಳನ್ನು ಕರೆದೆ.

"ಪೆನ್ನಿದೆಯೇನೇ? ಈ ಗೇಜಿನ ಡಬ್ಬಿ ಮೇಲೆ ದಪ್ಪ ಅಕ್ಷರದಲ್ಲಿ ಬರಿ: ಇದಕ್ಕೆ ಪೂಜೆ ಮಾಡಿದವರು ಶನಿವಾರದಿಂದ ಮನೇಲಿರತಕ್ಕದ್ದು."