ಹೆಬ್ಬಾಳದ ರಸ್ತೆಗೆ ರಂಗೋಲಿ ಬಿಡಿಸಿದ ಇಂಜಿನಿಯರ್ ಸಾಹೇಬರಿಗೆ

ಹೆಬ್ಬಾಳ, ೧೯೮೩

ಮಾನ್ಯರೇ,

ಬಳ್ಳಾರಿ ರಸ್ತೆಯ ಪಂಕ್ಚರ್ ಅಂಗಡಿ ಮುನಿಆಂಜಿನಪ್ಪ ಎಂಬ ನಾನು, ನಾಲ್ಕನೇ ಕ್ಲಾಸಿನವರೆಗೆ ಕಲಿತ ಅಕ್ಷರಗಳನ್ನೆಲ್ಲ ಒಟ್ಟುಗೂಡಿಸಿಕೊಂಡು, ಕೈಯ ಗ್ರೀಸು ತೊಳೆದು, ತಮಗೆ ಅಡ್ಡ ಬಿದ್ದು ನಮಸ್ಕರಿಸುತ್ತೇನೆ. ತಾವು ರಸ್ತೆಯನ್ನು ಅಷ್ಟು ಅಗಲ ಮಾಡಿಸಿದ ಮೇಲೆ ನಮಸ್ಕಾರವೂ ಅದಕ್ಕೆ ತಕ್ಕಷ್ಟು ಉದ್ದ ಇರಬೇಕಲ್ಲ.

ನಮ್ಮವ್ವ ಸುಬ್ಬಮ್ಮನಿಗೆ ಅರವತ್ತೆಂಟು. ದಿನಾ ಬೆಳಿಗ್ಗೆ ಸೊಪ್ಪಿನ ಮಂಕರಿ ಹೊತ್ತು ಎದುರು ಬದಿಯ ಬಸ್ ಸ್ಟಾಪಿಗೆ ಮಾರಲು ಹೋಗುತ್ತಾಳೆ. ಮುಂಚೆ ಎಲೆಯಡಿಕೆ ಬಾಯಿಗೆ ಹಾಕಿಕೊಂಡು ಹೊರಟರೆ, ಅದು ಕೆಂಪಾಗುವಷ್ಟರಲ್ಲಿ ಆಚೆ ಇರುತ್ತಿದ್ದಳು. ಈಗ ಲಾರಿಗಳಿಗೆ ಎಷ್ಟು ಸುಖವೆಂದರೆ, ಅವ್ವ ಏಳಕ್ಕೆ ನಿಂತರೆ ಎಂಟಾದರೂ ಈಚೆಯೇ, ಕೊತ್ತಂಬರಿ ಅವಳಿಗಿಂತ ಮೊದಲು ತಲೆ ಬಗ್ಗಿಸುತ್ತದೆ.

ಇದನ್ನು ತಿಳಿದ ದಯಾಳುಗಳಾದ ತಾವು, ಹೋದ ವಾರ ಈ ಬದಿಯಿಂದ ಆ ಬದಿಯವರೆಗೆ ಬಿಳಿ ಪಟ್ಟೆ ಬಳಿಸಿದಿರಿ. ಅವ್ವ ನೋಡಿದಳು, ಬಗ್ಗಿ ನೋಡಿದಳು, ಚಪ್ಪಲಿ ಬಿಟ್ಟಳು.

"ಯಾವ ಪುಣ್ಯಾತ್‌ಗಿತ್ತಿ ಕಣ್ಲಾ, ಎದ್ದೆದ್ದೇ ಇಷ್ಟುದ್ದ ರಂಗೋಲಿ ಬುಟ್ಟವ್ಳೆ! ತುಳಿಯಾಕಾಯ್ತದಾ?" ಎಂದು ಪಟ್ಟೆಯನ್ನು ಬಳಸಿಕೊಂಡು ಲಾರಿಗಳ ಮಧ್ಯಕ್ಕೇ ನುಗ್ಗಿದಳು.

"ರಂಗೋಲಿ ಅಲ್ಲ ಕಣವ್ವಾ, ಜೀಬ್ರಾ" ಎಂದು ಕೂಗಿದೆ.

"ಅದ್ಯಾವ ದೇವ್ರುಲಾ?" ಎಂದಳು.

ನಡುವಿನ ಕರಿ ಜಾಗವನ್ನಾದರೂ ತುಳಿ ಎಂದು ಕಾಲು ಹಿಡಿದೆ. ಅಂದಿನಿಂದ ಮಂಕರಿ ಸಮೇತ ಕರಿಯಿಂದ ಕರಿಗೆ ನೆಗೆಯುತ್ತಾಳೆ. ಈ ವಯಸ್ಸಿನಲ್ಲಿ ಸರ್ಕಾರಿ ಖರ್ಚಿನಲ್ಲಿ ಕುಂಟೆಬಿಲ್ಲೆ ಆಡಿಸಿದ ತಮ್ಮ ಉಪಕಾರ ದೊಡ್ಡದು. ಮೊನ್ನೆ ಆರನೇ ಕರಿ ಮನೆಯಲ್ಲಿದ್ದಾಗ ಲಾರಿಯೊಂದು ಮಂಕರಿಯನ್ನು ಸವರಿಕೊಂಡು ಹೋಯಿತು. ದಂಟಿನ ಸೊಪ್ಪು ನನ್ನ ಅಂಗಡಿಯವರೆಗೆ ಹಾರಿ ಬಂತು; ಅವ್ವ ಬೆರಳಷ್ಟು ಅಂತರದಲ್ಲಿ ಉಳಿದಳು. ನನಗೆ ನಗು ಬಹಳ, ಸ್ವಾಮಿ, ಅವತ್ತು ಮಾತ್ರ ಬರಲಿಲ್ಲ. ಇಡೀ ಹೆಬ್ಬಾಳದಲ್ಲಿ ತಮ್ಮ ಪಟ್ಟೆಗೆ ಮರ್ಯಾದೆ ಕೊಡುವವಳು ಅವಳೊಬ್ಬಳೇ, ಆ ಮರ್ಯಾದೆಗೇ ಜೀವ ಕೊಡುವ ಹಾಗಿದ್ದಾಳೆ.

ಆದ್ದರಿಂದ, ದಯವಿಟ್ಟು ದಿನಾ ಏಳರಿಂದ ಎಂಟರವರೆಗೆ ರಸ್ತೆಯನ್ನು ಹಳೆಯ ಅಗಲಕ್ಕೆ ಮಡಚಿಡಿ. ಆಗದಿದ್ದರೆ ಲಾರಿ ಡ್ರೈವರುಗಳ ಅವ್ವಂದಿರನ್ನೆಲ್ಲ ಕರೆಸಿ ನಮ್ಮವ್ವನ ಜೊತೆ ಸಾಲಾಗಿ ದಾಟಿಸಿ. ಬ್ರೇಕು ತಾನಾಗಿ ಹಿಡಿಯುತ್ತದೆ. ಅದೂ ಕಷ್ಟವಾದರೆ, ಬೆಳಿಗ್ಗೆ ಒಂದು ಗಂಟೆ ಒಬ್ಬ ಪೊಲೀಸಿನವರನ್ನು ಕೈ ಅಡ್ಡ ಹಿಡಿದು ನಿಲ್ಲಿಸಿ, ಸಾಕು.

ಈಚೆ ದಡದಲ್ಲೇ ಉಳಿದುಕೊಂಡಿರುವ ತಮ್ಮ ವಿಶ್ವಾಸಿ,
ಮುನಿಆಂಜಿನಪ್ಪ

ಮರೆತ ಮಾತು: ನಿನ್ನೆ ತಮ್ಮ ಜೀಪು ಸರಿಯಾಗಿ ಪಟ್ಟೆಯ ಮೇಲೆಯೇ ನಿಂತಿತ್ತು, ತಾವು ಇಳಿಯಲಿಲ್ಲ. ಒಂದು ಬೆಳಿಗ್ಗೆ ಆಚೆಯಿಂದ ನಮ್ಮ ಅಂಗಡಿಗೆ ನಡೆದುಕೊಂಡು ಬನ್ನಿ, ಟೀ ಕುಡಿಸುತ್ತೇನೆ. ಹೊರಡುವಾಗ ಮನೆಯಲ್ಲಿ ಹೇಳಿ ಬನ್ನಿ.