ನಂಜಪ್ಪಣ್ಣನ ಅಟ್ಟ, ನನ್ನ ಕರೆಂಟ್ ಕಾರು

ಹೊನ್ನವಳ್ಳಿಯ ನಮ್ಮ ಬೀದಿಗೆ ಮೊದಲ ಕರೆಂಟ್ ಕಾರು ತಂದವನು ನಾನು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ಮೇಷ್ಟ್ರು ತರದೆ ಇನ್ಯಾರು ತರಬೇಕು? ಆಗ ಆ ಕಾರಿನ ಕಂಪನಿಯ ಹೆಸರು ಎಲ್ಲರ ಬಾಯಲ್ಲೂ ಇತ್ತು. ಅದರ ಯಜಮಾನ ಟಿ.ವಿ.ಯಲ್ಲಿ ಬಂದು, ಪೆಟ್ರೋಲಿಗೆ ತಿಥಿ ಮಾಡಿಯೇ ತೀರುತ್ತೇನೆ ಅಂದಾಗ ನಾನು ಮನೆಯಲ್ಲಿ ಕೂತೇ ಚಪ್ಪಾಳೆ ತಟ್ಟಿದ್ದೆ.

ಕಾರು ಬಂದ ಮೂರೇ ತಿಂಗಳಿಗೆ ಅದೇ ಟಿ.ವಿ.ಯಲ್ಲಿ ಅದೇ ಕಂಪನಿಯ ಕಾರೊಂದು ಎಲ್ಲೋ ದೂರದ ಊರಿನಲ್ಲಿ ಧಗಧಗ ಉರಿಯಿತು. ಮರುವಾರ ಇನ್ನೊಂದು! ಇದೆಲ್ಲ ಆಗದವರ ಪಿತೂರಿ ಎಂದ ಯಜಮಾನ, ದೂರು ಕೊಟ್ಟ ಗಿರಾಕಿಗಳ ಜೊತೆ ಫೋನಿನಲ್ಲೇ ಜಗಳಕ್ಕೆ ನಿಂತ. ನಾನು ಯಜಮಾನನ ಪಕ್ಷ.

ಆದರೆ ಪಕ್ಕದ ಮನೆಯ ನಂಜಪ್ಪಣ್ಣನ ನಿದ್ದೆ ಹಾರಿಹೋಯಿತು. ನನ್ನ ಕಾರು ನಿಲ್ಲುವ ಶೆಡ್ಡಿಗೂ ಅವರ ಕೊಬ್ಬರಿ ಮನೆಗೂ ಇರುವುದು ಒಂದೇ ಗೋಡೆ. ಅದರ ಅಟ್ಟದ ಮೇಲೆ ತೆಂಗಿನಕಾಯಿ ಹತ್ತು ತಿಂಗಳಿಂದ ಒಣಗುತ್ತಿತ್ತು. ಇನ್ನು ತಿಂಗಳೊಪ್ಪತ್ತಿನಲ್ಲಿ ಸುಲಿದು ತಿಪಟೂರಿಗೆ ಸಾಗಿಸಬೇಕು. ಅವರ ಇಡೀ ವರ್ಷದ ದುಡಿಮೆ ಅದು. ಕಾರನ್ನು ಬೇರೆ ಕಡೆ ನಿಲ್ಲಿಸಿ ಎಂದು ಕೇಳಲು ಬಂದವರನ್ನು ಜಗಲಿಯ ಮೇಲೆ ಕೂರಿಸಿ, ಬ್ಯಾಟರಿಯ ಬಗ್ಗೆ ಒಂದು ಪೂರ್ತಿ ಪೀರಿಯಡ್ ಪಾಠ ಮಾಡಿದೆ.

"ಮೇಷ್ಟ್ರು ಇಷ್ಟು ಹೇಳ್ತಾವ್ರೆ ಅಂದ್ಮೇಲೆ ಇರ್ಲಿ ಬುಡಿ," ಎಂದು ಎದ್ದು ಹೋದರು.

"ಅಷ್ಟು ಧೈರ್ಯ ಇದ್ರೆ, ಚಾರ್ಜಿಗೆ ಇಟ್ಟಾಗೆಲ್ಲ ನಾಕು ಸಲ ಹೋಗಿ ಯಾಕ್ರೀ ಮುಟ್ಟಿ ನೋಡ್ತೀರ?" ಎಂದಳು ನನ್ನ ಹೆಂಡತಿ ಗಿರಿಜೆ. ನಾನು ಕೇಳಿಸದವನಂತೆ ಪೇಪರ್ ತಿರುವಿದೆ.

ಜಡಿಮಳೆ ಹಿಡಿದ ಒಂದು ಬೆಳಿಗ್ಗೆ ಹಲ್ಲುಜ್ಜುತ್ತ ಹಿತ್ತಲಿಗೆ ಬಂದರೆ, ಶೆಡ್ಡಿನ ತುಂಬ ಹೊಗೆ! ಕಾರು ಚಾರ್ಜಿಗಿತ್ತು. ಕಲಿತ ವಿಜ್ಞಾನವೆಲ್ಲ ಬ್ರಷ್ಷಿನ ಜೊತೆ ಕೆಳಗೆ ಬಿತ್ತು. "ಕಾರು ಹತ್ಕೊಂತು!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದವನು ಕಂಪನಿಯ ಪರಮಭಕ್ತನಾದ ನಾನೇ. ಮೇನ್ ಸ್ವಿಚ್ ಆರಿಸಿ, ಹಿತ್ತಲಿನ ನಲ್ಲಿಗೆ ಪೈಪು ಸಿಕ್ಕಿಸಿ ಕಾರಿಗೆ ನೀರು ಹೊಡೆದೆ. ಹೊಗೆ ನಿಲ್ಲಲಿಲ್ಲ. ಗೋಡೆಯ ಮೇಲಿನ ಸಂದಿಯಲ್ಲಂತೂ ಇನ್ನೂ ದಟ್ಟವಾಗಿತ್ತು. ಬೆಂಕಿ ನಂಜಪ್ಪಣ್ಣನ ಅಟ್ಟಕ್ಕೆ ದಾಟಿತೆಂದುಕೊಂಡೆ. ಆ ಸಂದಿಗೇ ಪೈಪು ತೂರಿಸಿ ಧಾರಾಳವಾಗಿ ನೀರು ಬಿಟ್ಟೆ.

ಆ ಕಡೆಯಿಂದ ನಂಜಪ್ಪಣ್ಣ ಕೆಮ್ಮುತ್ತ ಹೊರಗೆ ಬಂದರು. ತಲೆಯಿಂದ ನೀರು ಸುರಿಯುತ್ತಿತ್ತು. ಕೈಯಲ್ಲಿ ಆರಿಹೋದ ತೆಂಗಿನ ಮಟ್ಟೆ. ಮಳೆಗಾಲದಲ್ಲಿ ಕಾಯಿಗೆ ತಂಡಿ ಹಿಡಿಯದಿರಲೆಂದು ಅಟ್ಟದ ಕೆಳಗೆ ಹೊಗೆ ಹಾಕುವುದು ನಮ್ಮ ಸೀಮೆಯ ಪದ್ಧತಿ. ಹುಟ್ಟಿದಾಗಿನಿಂದ ನೋಡಿದ್ದೇನೆ. ಆ ಹೊತ್ತಿಗೆ ಮಾತ್ರ ನೆನಪಾಗಲಿಲ್ಲ!

ಕಾರಿಗೆ ಏನೂ ಆಗಿರಲಿಲ್ಲ. ಅಟ್ಟದ ಒಂದು ಮೂಲೆ ಪೂರ್ತಿ ತೊಯ್ದಿತ್ತು. ಗಿರಿಜೆ ಮತ್ತು ನಾನು ಆ ಕಾಯಿಗಳನ್ನೆಲ್ಲ ಇಳಿಸಿ, ಒರೆಸಿ, ನಮ್ಮ ನಡುಮನೆಯಲ್ಲಿ ಫ್ಯಾನಿನ ಕೆಳಗೆ ಹರವಿದೆವು. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಇವತ್ತೇ ಕಾರನ್ನು ಊರಾಚೆ ನಿಲ್ಲಿಸುತ್ತೇನೆಂದು ನಂಜಪ್ಪಣ್ಣನ ಕೈ ಹಿಡಿದುಕೊಂಡೆ.

"ಪಾಪ, ಅದೇನ್ ಮಾಡೈತೆ? ಕಾರು ಅಲ್ಲೇ ಇರ್ಲಿ ಬುಡಿ ಮೇಷ್ಟ್ರೇ," ಅಂದರು. "ಕೊಬ್ಬರಿ ಇಳ್ಸೋಗಂಟ ನೀವ್ ಮಾತ್ರ ಆ ಶೆಡ್ ಕಡೆ ಬರ್ಬ್ಯಾಡಿ."

ಈಗ ಶೆಡ್ಡಿನಿಂದ ಕಾರು ತೆಗೆಯುವವಳು ಗಿರಿಜೆ. ನಾನು ಬೀದಿಯ ತುದಿಯಲ್ಲಿ ಬ್ಯಾಗು ಹಿಡಿದು ನಿಂತಿರುತ್ತೇನೆ.